ತುಕ್ಕು ಹಿಡಿದ ಹಳೇ ಮಹೀಂದ್ರ ಜೀಪು: ಲಕ್ಷಣ ನೋಡಿ ದೋಷ ಹಿಡಿಯುವ ಕೈಪಿಡಿ

ಕೊಡಗು, ಚಿಕ್ಕಮಗಳೂರಿನ ತೋಟದ ಶೆಡ್ಡುಗಳಲ್ಲಿ, ಕರಾವಳಿಯ ಅಡಿಕೆ ಅಂಗಳಗಳ ಮೂಲೆಯಲ್ಲಿ ವರ್ಷಗಟ್ಟಲೆ ನಿಂತುಹೋದ ಜೀಪುಗಳಲ್ಲಿ ಹೆಚ್ಚಿನವು ಎರಡು ಬಗೆಯವು. ಎತ್ತರದ ಬಾನೆಟ್ಟಿನ ಸಿಜೆ-3ಬಿ ಒಂದು. ಅಮೆರಿಕದಲ್ಲಿ ವಿಲ್ಲೀಸ್ 1953ರಲ್ಲಿ ತಂದ ಈ ಮಾದರಿಯನ್ನೇ ಮಹೀಂದ್ರ ಇಲ್ಲಿ ದಶಕಗಳ ಕಾಲ ತಯಾರಿಸಿತು. ಮೂಲದಲ್ಲಿ ಇದಕ್ಕೆ 2.2 ಲೀಟರಿನ ಹರಿಕೇನ್ ಪೆಟ್ರೋಲ್ ಇಂಜಿನ್. ಇನ್ನೊಂದು 1985ರ ನಂತರದ ಎಂಎಂ 540 ಮತ್ತು ಅದರ ಬಳಗ, ಪ್ಯೂಜೊ ಡೀಸೆಲ್ ಇಂಜಿನ್ನಿನದು. ಸಿಜೆ-3ಬಿಗೆ ಆಮೇಲೆ ಡೀಸೆಲ್ ಇಂಜಿನ್ ಕೂರಿಸಿದ್ದೂ ಧಾರಾಳವಾಗಿ ಸಿಗುತ್ತದೆ. ಕೆಳಗಿನದು ಇವೆರಡನ್ನೂ ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು.

ಪರೀಕ್ಷೆಯ ಕ್ರಮ ಮುಖ್ಯ: ಚಾಸಿ, ಬ್ರೇಕು, ಸ್ಟೀರಿಂಗು, ಇಂಜಿನ್ನು, ಕೊನೆಗೆ ಬಾಡಿ ಮತ್ತು ಬಣ್ಣ. ಸೀಟು, ಟಯರು, ಬಣ್ಣಕ್ಕೆ ದುಡ್ಡು ಸುರಿದ ಮೇಲೆ ಚಾಸಿ ಕೊಳೆತದ್ದು ತಿಳಿದರೆ ಅಲ್ಲಿಗೆ ಕೆಲಸ ನಿಂತಿತು ಅಂತಲೇ ಲೆಕ್ಕ. ಇನ್ನೊಂದು ಮಾತು: ತುಕ್ಕು ಕಾಣುವ ಜಾಗ ಬೇರೆ, ನೀರು ನಿಲ್ಲುವ ಜಾಗ ಬೇರೆ. ನೀರು ಎಲ್ಲಿಂದ ಬಂದು ಎಲ್ಲಿ ಕೂರುತ್ತದೆ ಎಂದು ಹುಡುಕದೆ ತುಕ್ಕು ಕೆರೆದರೆ ಎರಡು ಮಳೆಗಾಲದೊಳಗೆ ಅದೇ ಜಾಗದಲ್ಲಿ ಗುಳ್ಳೆ ಏಳುತ್ತದೆ.

## ಕೈ ಹಾಕುವ ಮೊದಲು

ಬ್ಯಾಟರಿಯ ಮೈನಸ್ ವೈರು ಬಿಚ್ಚಿ. ಗಾಡಿ ಎತ್ತುವುದಾದರೆ ಸಮತಟ್ಟಾದ ಗಟ್ಟಿ ನೆಲ, ಚಕ್ರಕ್ಕೆ ಅಡ್ಡಗಲ್ಲು, ಆಕ್ಸಲ್ ಅಡಿಗೆ ಜಾಕ್ ಸ್ಟ್ಯಾಂಡ್. ಬರೀ ಜಾಕಿಯ ಮೇಲೆ ನಿಂತ ಗಾಡಿಯ ಅಡಿಗೆ ತಲೆ ಹಾಕಬೇಡಿ. ಜಲ್ಲಿಕಲ್ಲು, ಹಾಲೋ ಬ್ಲಾಕ್ ಒಟ್ಟಿ ನಿಲ್ಲಿಸುವುದೂ ಬೇಡ, ಬ್ಲಾಕು ಸೂಚನೆ ಕೊಡದೆ ಒಡೆಯುತ್ತದೆ.

ಹಳೇ ಬಣ್ಣದಲ್ಲಿ ಸೀಸ ಇರಬಹುದು, ಹಳೇ ಬ್ರೇಕ್ ಲೈನರ್ ಮತ್ತು ಕ್ಲಚ್ ಪ್ಲೇಟಿನಲ್ಲಿ ಆಸ್ಬೆಸ್ಟಾಸ್ ಇರಬಹುದು. ಬಣ್ಣವನ್ನು ನೀರು ಹಚ್ಚಿ ಉಜ್ಜಿ, ಡ್ರಮ್ಮಿನ ಧೂಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ. ಗ್ಯಾರೇಜಿನಲ್ಲಿ ಗಾಳಿ ಪೈಪು ಹಿಡಿದು ಊದುವುದು ರೂಢಿ, ಅದನ್ನು ಮನೆಯಲ್ಲಿ ಮಾಡಬೇಡಿ.

ಚಾಸಿ ನಂಬರ್ ಪಂಚ್ ಮಾಡಿದ ಜಾಗಕ್ಕೆ ಗ್ರೈಂಡರ್ ಆಗಲಿ ಸ್ಯಾಂಡ್ ಬ್ಲಾಸ್ಟ್ ಆಗಲಿ ತಾಗಲೇಬಾರದು. ಕೈಯಲ್ಲಿ ವೈರ್ ಬ್ರಷ್ ಹಿಡಿದು ಸ್ವಚ್ಛ ಮಾಡಿ, ಪೆನ್ಸಿಲ್ ಉಜ್ಜಿ ಅಚ್ಚು ತೆಗೆದುಕೊಂಡು, ಆರ್‌ಸಿಯ ಜೊತೆ ಅಕ್ಷರಕ್ಕೆ ಅಕ್ಷರ ತಾಳೆ ನೋಡಿ, ಮೇಲೆ ಗ್ರೀಸ್ ಬಳಿದಿಡಿ. ನಂಬರ್ ಹೊಂದದಿದ್ದರೆ ಮುಂದಿನ ಒಂದು ರೂಪಾಯಿಯನ್ನೂ ಖರ್ಚು ಮಾಡುವ ಮೊದಲು ಆರ್‌ಟಿಒ ಕಚೇರಿಗೆ ಹೋಗಿ ಬನ್ನಿ.

## ಲಕ್ಷಣ: ಚಾಸಿಯಲ್ಲಿ ಪದರ ಏಳುತ್ತಿದೆ, ಗಾಡಿ ಒಂದು ಕಡೆ ವಾಲಿದೆ

ಮೊದಲ ಪರೀಕ್ಷೆಗೆ ಒಂದು ಸುತ್ತಿಗೆ ಸಾಕು. ಚಾಸಿಯುದ್ದಕ್ಕೂ ಅಂಗೈಯಗಲ ಬಿಟ್ಟು ಬಿಟ್ಟು ತಟ್ಟುತ್ತಾ ಹೋಗಿ. ಗಟ್ಟಿ ಕಬ್ಬಿಣ ಟಣ್ ಎನ್ನುತ್ತದೆ, ಸುತ್ತಿಗೆ ಹಿಂದಕ್ಕೆ ಪುಟಿಯುತ್ತದೆ. ಡಬ್ ಎಂದು ಮಂದ ಸದ್ದು ಬಂದು, ಚಿರೋಟಿಯಂತೆ ಪದರ ಪದರವಾಗಿ ಉದುರಿದರೆ ಅಲ್ಲಿ ಲೋಹ ತೆಳುವಾಗಿದೆ. ತುಕ್ಕಿನ ಪದರ ಮೂಲ ಲೋಹಕ್ಕಿಂತ ಹಲವು ಪಟ್ಟು ಜಾಗ ಹಿಡಿಯುತ್ತದೆ, ಹಾಗಾಗಿ ಉದುರಿದ ರಾಶಿ ನೋಡಿ ಹೆದರಬೇಕಿಲ್ಲ. ಉಳಿದದ್ದು ಎಷ್ಟು ಎಂಬುದೇ ಪ್ರಶ್ನೆ. ವರ್ನಿಯರ್ ಹಿಡಿದು ಸ್ವಚ್ಛವಾದ ಜಾಗದ ದಪ್ಪ, ಕೊಳೆತ ಜಾಗದ ದಪ್ಪ ಎರಡನ್ನೂ ಅಳೆಯಿರಿ. ಮೂರರಲ್ಲಿ ಒಂದು ಪಾಲು ಹೋಗಿದ್ದರೆ ಬಣ್ಣದಿಂದ ಮುಚ್ಚುವ ವಿಷಯ ಅದಲ್ಲ.

ಬಿಡದೆ ನೋಡಬೇಕಾದ ಜಾಗಗಳು: ಹಿಂದಿನ ಅಡ್ಡಪಟ್ಟಿ, ಲೀಫ್ ಸ್ಪ್ರಿಂಗನ್ನು ಚಾಸಿಗೆ ಹಿಡಿದಿಡುವ ಹ್ಯಾಂಗರಿನ ಬುಡ, ಬಾಡಿ ಕೂರುವ ರಬ್ಬರ್ ಪ್ಯಾಡಿನ ಅಡಿ, ಸ್ಟೀರಿಂಗ್ ಬಾಕ್ಸ್ ಬೋಲ್ಟುಗಳ ಸುತ್ತ. ಕೊನೆಯದರಲ್ಲಿ ತುಕ್ಕಿಗಿಂತ ಕೂದಲೆಳೆಯ ಬಿರುಕು ಹುಡುಕಿ. ಜಾಗವನ್ನು ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ, ಸುಣ್ಣದ ಪುಡಿ ಅಥವಾ ಚಾಕ್ ಪುಡಿ ಹಚ್ಚಿ ಹತ್ತು ನಿಮಿಷ ಬಿಡಿ. ಬಿರುಕಿನೊಳಗೆ ಉಳಿದ ಎಣ್ಣೆ ಪುಡಿಯ ಮೇಲೆ ಗೆರೆಯಾಗಿ ಕಾಣುತ್ತದೆ.

ವಾಲಿರುವುದಕ್ಕೆ ಅಗ್ಗದ ಕಾರಣ ಕುಸಿದ ಸ್ಪ್ರಿಂಗ್ ಪ್ಲೇಟು, ಮುರಿದ ಸೆಂಟರ್ ಬೋಲ್ಟು ಅಥವಾ ಸವೆದ ಶಾಕಲ್ ಬುಶ್. ಅವು ಸರಿಯಿದ್ದರೆ ಚಾಸಿ ತಿರುಚಿದೆಯೇ ಎಂದು ಅಳೆಯಬೇಕು. ಗಾರೆಯವರ ತೂಕಗುಂಡನ್ನು ಎಡ ಮುಂದಿನ ಹ್ಯಾಂಗರ್ ಬೋಲ್ಟಿನಿಂದ ಇಳಿಬಿಟ್ಟು ನೆಲದಲ್ಲಿ ಚಾಕ್ ಗುರುತು ಹಾಕಿ. ಹಾಗೆಯೇ ಉಳಿದ ಮೂರು ಮೂಲೆಗಳಿಗೂ. ಗಾಡಿ ಸರಿಸಿ, ಎರಡು ಕರ್ಣಗಳನ್ನು ಟೇಪಿನಲ್ಲಿ ಅಳೆಯಿರಿ. ವ್ಯತ್ಯಾಸ 6 ಮಿ.ಮೀ. ದಾಟಿದರೆ ಚಾಸಿ ಎಳೆಯುವ ವ್ಯವಸ್ಥೆ ಇರುವ ವರ್ಕ್‌ಶಾಪಿಗೇ ಹೋಗಬೇಕು.

ಇಲ್ಲಿ ನಿಲ್ಲಿ: ಹ್ಯಾಂಗರ್ ಬುಡದಲ್ಲಿ ತೂತು, ಸ್ಟೀರಿಂಗ್ ಬಾಕ್ಸ್ ಬಳಿ ಬಿರುಕು ಇದ್ದರೆ ಮನೆಯ ಸಣ್ಣ ವೆಲ್ಡಿಂಗ್ ಸೆಟ್ಟು ಮುಟ್ಟಬೇಡಿ. ಚಾಸಿ ವೆಲ್ಡಿಂಗಿನಲ್ಲಿ ಪಳಗಿದವರನ್ನೇ ಹಿಡಿಯಿರಿ. ಅವರು ಪಟ್ಟಿಯ ತುದಿಯನ್ನು ನೇರ ಕತ್ತರಿಸದೆ ಓರೆಯಾಗಿ ಕತ್ತರಿಸುತ್ತಾರೋ ನೋಡಿ. ನೇರವಾಗಿ ಅಡ್ಡಕ್ಕೆ ಬೆಸೆದ ಪಟ್ಟಿಯ ತುದಿಯಲ್ಲೇ ಹೊಸ ಬಿರುಕು ಶುರುವಾಗುವುದು.

ಚಾಸಿ ಬದಲಿಸಿಬಿಡೋಣ ಅನ್ನುವವರು ಕಾನೂನನ್ನೂ ನೋಡಬೇಕು. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ಗಾಡಿಗೆ 2021ರ ಕೇಂದ್ರ ನಿಯಮದಂತೆ ವಿಂಟೇಜ್ ನೋಂದಣಿ, 'ವಿಎ' ಸರಣಿಯ ನಂಬರ್ ಸಿಗುತ್ತದೆ. ಆದರೆ ಚಾಸಿ, ಬಾಡಿ, ಇಂಜಿನ್ ಮೂಲ ರೂಪದಲ್ಲಿರಬೇಕು. ಆ ನಂಬರಿನಲ್ಲಿ ದಿನನಿತ್ಯದ ಓಡಾಟಕ್ಕೆ ಅನುಮತಿಯೂ ಇಲ್ಲ. ತೋಟಕ್ಕೂ ಪೇಟೆಗೂ ದಿನಾ ಓಡಿಸುವ ಯೋಚನೆಯಿದ್ದರೆ ಮಾಮೂಲಿ ಆರ್‌ಸಿ ನವೀಕರಣವೇ ಸರಿಯಾದ ದಾರಿ.

## ಲಕ್ಷಣ: ನಟ್ಟು ಬಿಚ್ಚುತ್ತಿಲ್ಲ, ತಲೆ ಸವೆಯುತ್ತಿದೆ

ಬಲ ಹಾಕುವ ಮೊದಲು ಎರಡು ವಿಷಯ. ಒಂದು, ವಿಲ್ಲೀಸ್ ವಂಶದ ಈ ಜೀಪುಗಳಲ್ಲಿ ಹೆಚ್ಚಿನ ಬೋಲ್ಟುಗಳು ಅಂಗುಲದವು. 9/16 ಅಂಗುಲ ಅಂದರೆ 14.3 ಮಿ.ಮೀ.; 14ರ ಸ್ಪ್ಯಾನರ್ ಕೂರುವುದಿಲ್ಲ, 15ರದ್ದು ಜಾರಿ ಮೂಲೆ ತಿನ್ನುತ್ತದೆ. 1/2 ಅಂಗುಲಕ್ಕೆ 13ರದ್ದು ಸಡಿಲ. 3/4ಕ್ಕೆ ಮಾತ್ರ 19 ಸರಿಯಾಗಿ ಕೂರುತ್ತದೆ. ಆರು ಮೂಲೆಯ ಅಂಗುಲದ ಸಾಕೆಟ್ ಸೆಟ್ಟು ಒಂದನ್ನು ಕೊಂಡುಬಿಡಿ, ಬೇರೆ ಯಾವ ಸಾಮಾನಿಗಿಂತ ಮೊದಲು. ಎರಡು, ಹಳೇ ಜೀಪುಗಳ ಎಡಬದಿಯ ಚಕ್ರದ ನಟ್ಟುಗಳು ಎಡಮರೆಯವು, ಅಂದರೆ ಮರೆ (ತಿರುಪಿನ ಗೆರೆ) ಉಲ್ಟಾ ಸುತ್ತಿರುವವು ಇರಬಹುದು. ಸ್ಟಡ್ಡಿನ ತುದಿಯಲ್ಲಿ 'ಎಲ್' ಅಕ್ಷರ ಇದೆಯೇ ನೋಡಿ. ಇದ್ದರೆ ಅದು ಬಿಚ್ಚುವುದು ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೇ. ಇದು ಗೊತ್ತಿಲ್ಲದೆ ನಾಲ್ಕಡಿ ಪೈಪು ಸಿಕ್ಕಿಸಿ ಸ್ಟಡ್ ಮುರಿದ ಜೀಪುಗಳು ಬೇಕಾದಷ್ಟಿವೆ.

ಆಮೇಲಿನ ಕ್ರಮ: ಹೊರಗೆ ಕಾಣುವ ಮರೆಯನ್ನು ವೈರ್ ಬ್ರಷ್ಷಿನಲ್ಲಿ ತಿಕ್ಕಿ. ತುಕ್ಕು ಬಿಡಿಸುವ ಎಣ್ಣೆ ಹಾಕಿ ರಾತ್ರಿಯಿಡೀ ಬಿಡಿ, ಬೆಳಗ್ಗೆ ಇನ್ನೊಮ್ಮೆ ಹಾಕಿ. ಮೊದಲು ಕೂದಲೆಳೆಯಷ್ಟು ಬಿಗಿ ಮಾಡಿ, ನಂತರ ಬಿಚ್ಚಿ. ಬಿಗಿ ಮಾಡುವಾಗಲೇ ತುಕ್ಕಿನ ಹಿಡಿತ ಒಡೆಯುವುದು. ಬರದಿದ್ದರೆ ನಟ್ಟನ್ನು ಮಾತ್ರ ಕಾಯಿಸಿ, ಮರೆಯ ಅಂಚಿಗೆ ಮೇಣದ ಬತ್ತಿ ತಾಗಿಸಿ. ಕರಗಿದ ಮೇಣ ಒಳಗೆ ಇಳಿಯುತ್ತದೆ. ಬ್ರೇಕ್ ಪೈಪು, ಪೆಟ್ರೋಲ್ ಟ್ಯಾಂಕು, ಶಾಕ್ ಅಬ್ಸಾರ್ಬರ್ ಬಳಿ ಬೆಂಕಿ ಬೇಡವೇ ಬೇಡ.

ಸ್ಪ್ರಿಂಗಿನ ಯೂ ಬೋಲ್ಟುಗಳನ್ನು ಉಳಿಸಲು ಹೆಣಗಬೇಡಿ. ಕತ್ತರಿಸಿ ಎಸೆದು ಹೊಸದು ಹಾಕಿ. ಜೋಡಿಸುವಾಗ ಅಂಗುಲದ್ದಕ್ಕೆ ಮಿ.ಮೀ. ಅಳತೆಯದ್ದು ಹತ್ತಿದಂತೆ ತೋರಿದರೂ ಅದು ಮರೆ ಕೊಚ್ಚುತ್ತದೆ. ಕೈಯಲ್ಲಿ ಮೂರು ಸುತ್ತು ಸಲೀಸಾಗಿ ಹೋಗದ ನಟ್ಟನ್ನು ಸ್ಪ್ಯಾನರಿನಿಂದ ತಿರುಗಿಸಬೇಡಿ.

## ಲಕ್ಷಣ: ಬ್ರೇಕ್ ಪೆಡಲ್ ಸರಿಯಿಲ್ಲ

ಈ ಜೀಪುಗಳ ಹಳೇ ಬ್ರೇಕ್ ಒಂದೇ ಲೈನಿನದು. ಎಲ್ಲೋ ಒಂದು ಕಡೆ ಪೈಪು ಒಡೆದರೆ ನಾಲ್ಕೂ ಚಕ್ರಕ್ಕೆ ಬ್ರೇಕ್ ಇಲ್ಲ. ಆದ್ದರಿಂದ ಇಂಜಿನ್ ಸ್ಟಾರ್ಟ್ ಆದ ಖುಷಿಯಲ್ಲಿ ಅಂಗಳದಲ್ಲಿ ಒಂದು ಸುತ್ತು ಹಾಕುವ ಮೊದಲೇ ಬ್ರೇಕಿನ ಕೆಲಸ ಮುಗಿಯಬೇಕು. ಪೆಡಲ್ ಏನು ಹೇಳುತ್ತಿದೆ ಎಂದು ಕಾಲಿನಲ್ಲೇ ಓದಬಹುದು.

ಮೊದಲ ತುಳಿತಕ್ಕೆ ನೆಲಕ್ಕೆ ಹೋಗಿ, ಎರಡು ಮೂರು ಸಲ ತುಳಿದರೆ ಮೇಲೆ ಬಂದು ಗಟ್ಟಿಯಾದರೆ ಬ್ರೇಕ್ ಶೂ ಡ್ರಮ್ಮಿನಿಂದ ದೂರ ಇದೆ. ಅಡ್ಜಸ್ಟ್ ಮಾಡಿದರೆ ಸಾಕು, ಖರ್ಚಿಲ್ಲ. ಸ್ಪಂಜಿನ ಹಾಗೆ ಮೆತ್ತಗಿದ್ದರೆ ಲೈನಿನಲ್ಲಿ ಏರ್ ಇದೆ. ಮಾಸ್ಟರ್ ಸಿಲಿಂಡರಿನಿಂದ ಅತಿ ದೂರದ ಚಕ್ರದಿಂದ ಶುರು ಮಾಡಿ ಬ್ಲೀಡ್ ಮಾಡಿ, ಅಂದರೆ ಆಯಿಲ್ ಜೊತೆ ಏರ್ ಹೊರಗೆ ಬಿಡಿ. ಒಂದೇ ಸಮ ಒತ್ತಿ ಹಿಡಿದಾಗ ಪೆಡಲ್ ನಿಧಾನಕ್ಕೆ ಇಳಿಯುತ್ತಾ ಹೋದರೆ, ಹೊರಗೆಲ್ಲೂ ಸೋರಿಕೆ ಕಾಣದಿದ್ದರೆ, ಮಾಸ್ಟರ್ ಸಿಲಿಂಡರಿನ ಒಳಗಿನ ವಾಶರ್ ಸೋತಿದೆ. ಕಿಟ್ ಹಾಕುವ ಮೊದಲು ಬೋರಿನೊಳಗೆ ಬೆರಳು ಆಡಿಸಿ. ಉಗುರಿಗೆ ಗುಳಿ ತಾಗಿದರೆ ಹೊಸ ವಾಶರನ್ನೂ ಅದು ವಾರದಲ್ಲಿ ತಿನ್ನುತ್ತದೆ, ಸಿಲಿಂಡರನ್ನೇ ಬದಲಿಸಿ.

ಒಂದು ಕಡೆಗೆ ಎಳೆದರೆ ಎದುರು ಬದಿಯ ವೀಲ್ ಸಿಲಿಂಡರ್ ಜಾಮ್ ಆಗಿರಬಹುದು, ಅಥವಾ ಲೈನರಿಗೆ ಗ್ರೀಸ್ ತಾಗಿರಬಹುದು. ಗ್ರೀಸ್ ಕುಡಿದ ಲೈನರನ್ನು ಪೆಟ್ರೋಲಿನಲ್ಲಿ ತೊಳೆದು ಒಣಗಿಸಿ ಹಾಕುವುದು ಉಳಿತಾಯವಲ್ಲ, ಬಿಸಿಯಾದಾಗ ಒಳಗಿದ್ದದ್ದು ಮತ್ತೆ ಹೊರಗೆ ಬರುತ್ತದೆ. ನಾಲ್ಕೈದು ಕಿಲೋಮೀಟರಿಗೆ ಡ್ರಮ್ ಸುಡುವಷ್ಟು ಬಿಸಿಯಾಗಿ ಬ್ರೇಕ್ ಹಿಡಿದೇ ಇದ್ದರೆ ಮೊದಲು ಪೆಡಲಿನ ಆಟ ನೋಡಿ. ಸುಮಾರು 12 ಮಿ.ಮೀ. ಸಡಿಲ ಇರಬೇಕು. ಇಲ್ಲದಿದ್ದರೆ ಮಾಸ್ಟರ್ ಸಿಲಿಂಡರಿನ ಸಣ್ಣ ರಂಧ್ರ ಮುಚ್ಚಿಯೇ ಇದ್ದು ಆಯಿಲ್ ಹಿಂದಿರುಗುವುದಿಲ್ಲ. ಆಟ ಸರಿಯಿದ್ದೂ ಹಿಡಿಯುತ್ತಿದ್ದರೆ ರಬ್ಬರ್ ಹೋಸ್ ಒಳಗಿನಿಂದ ಉಬ್ಬಿ ಕಟ್ಟಿಕೊಂಡಿದೆ. ಹೊರಗೆ ನೋಡಲು ಅದು ಹೊಸದರಂತೆಯೇ ಇರುತ್ತದೆ. ವರ್ಷಗಟ್ಟಲೆ ನಿಂತ ಗಾಡಿಯ ಎಲ್ಲ ಹೋಸ್‌ಗಳನ್ನೂ ಕೇಳದೆ ಬದಲಿಸಿ.

ಸ್ಟೀಲ್ ಪೈಪು ಕೊಳೆಯುವುದು ಕ್ಲಿಪ್ಪಿನ ಅಡಿಯಲ್ಲಿ, ಹಾಗಾಗಿ ಕ್ಲಿಪ್ ಬಿಚ್ಚಿ ನೋಡಬೇಕು. ಬದಲಿಗೆ 3/16 ಅಂಗುಲದ ಬ್ರೇಕ್ ಪೈಪೇ ಬೇಕು, ತುದಿ ಎರಡು ಮಡಿಕೆಯ ಫ್ಲೇರ್ ಆಗಿರಬೇಕು. ಫ್ರಿಜ್ಜಿನ ತಾಮ್ರದ ಪೈಪು ಬಾಗಿಸಲು ಸುಲಭ ಅಂತ ಹಾಕುವವರಿದ್ದಾರೆ. ಅದು ಅಲುಗಾಟಕ್ಕೆ ಗಟ್ಟಿಯಾಗಿ ಬಿರುಕು ಬಿಡುತ್ತದೆ. ಬ್ರೇಕ್ ಆಯಿಲ್ ಡಾಟ್ 3 ಅಥವಾ 4. ಇಂಜಿನ್ ಆಯಿಲ್ ಒಂದು ಚಮಚ ಬೆರೆತರೂ ರಬ್ಬರ್ ಎಲ್ಲ ಉಬ್ಬಿ ಕೆಲಸ ಮೊದಲಿನಿಂದ. ಎಲ್ಲ ಮುಗಿದ ಮೇಲೆ ನಿಂತ ಗಾಡಿಯಲ್ಲಿ ಪೂರ್ತಿ ಬಲ ಹಾಕಿ ಒಂದು ನಿಮಿಷ ತುಳಿದು ಹಿಡಿಯಿರಿ, ಇನ್ನೊಬ್ಬರು ಟಾರ್ಚ್ ಹಿಡಿದು ಪ್ರತಿ ಜಾಯಿಂಟ್ ನೋಡಲಿ. ಇಷ್ಟಾದರೂ ಪೆಡಲ್ ಇಳಿಯುತ್ತಿದ್ದರೆ ಗಾಡಿಯನ್ನು ಎತ್ತಿಸಿ ಗ್ಯಾರೇಜಿಗೆ ಕಳಿಸಿ, ಓಡಿಸಿಕೊಂಡು ಹೋಗಬೇಡಿ.

## ಲಕ್ಷಣ: 40–50ರ ವೇಗದಲ್ಲಿ ಗುಂಡಿ ಹಾರಿದರೆ ಸ್ಟೀರಿಂಗ್ ಗಡಗಡ ನಡುಗುತ್ತದೆ

ಟಯರಿನ ಗಾಳಿ ಎರಡೂ ಕಡೆ ಒಂದೇ ಇದೆಯೇ, ರಿಮ್ ಬಾಗಿದೆಯೇ, ಯೂ ಬೋಲ್ಟು ಬಿಗಿಯಿದೆಯೇ ನೋಡಿ. ಇವಕ್ಕೆ ಖರ್ಚಿಲ್ಲ. ಆಮೇಲೆ ಮುಂದಿನ ಚಕ್ರ ಎತ್ತಿ, ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಆಟ ಇದ್ದರೆ ಒಬ್ಬರು ಬ್ರೇಕ್ ತುಳಿದು ಹಿಡಿಯಲಿ. ಆಟ ಮಾಯವಾದರೆ ವೀಲ್ ಬೇರಿಂಗ್; ಹಾಗೇ ಉಳಿದರೆ ಕಿಂಗ್ ಪಿನ್ (ಚಕ್ರ ಎಡ ಬಲ ತಿರುಗುವ ಕೀಲು). ಎಡ ಬಲ ಹಿಡಿದಾಗ ಮಾತ್ರ ಆಟ ಕಂಡರೆ ಟೈ ರಾಡ್ ಎಂಡ್, ಅಥವಾ ಸಿಜೆ-3ಬಿಯಲ್ಲಿ ಸ್ಟೀರಿಂಗಿನ ಚಲನೆಯನ್ನು ಚಕ್ರಗಳಿಗೆ ದಾಟಿಸುವ ಮಧ್ಯದ ಬೆಲ್ ಕ್ರ್ಯಾಂಕ್. ಈ ಬೆಲ್ ಕ್ರ್ಯಾಂಕಿನ ಪಿನ್ನು ಗ್ರೀಸ್ ಕಾಣದೆ ಸವೆದಿರುವುದು ಎಷ್ಟು ಸಾಮಾನ್ಯ ಅಂದರೆ, ಅದನ್ನೇ ಮೊದಲು ಅಲ್ಲಾಡಿಸಿ ನೋಡಿದರೂ ತಪ್ಪಿಲ್ಲ.

ಕಿಂಗ್ ಪಿನ್ ಬೇರಿಂಗಿನ ಬಿಗಿ ನಿಲ್ಲುವುದು ಮುಚ್ಚಳದ ಅಡಿಯ ಶಿಮ್ಮುಗಳಲ್ಲಿ (ತೆಳು ತಗಡಿನ ಬಿಲ್ಲೆಗಳಲ್ಲಿ). ಒಂದೊಂದೇ ತೆಳು ಶಿಮ್ ತೆಗೆದು, ಚಕ್ರ ತಿರುಗಿಸಲು ಸ್ವಲ್ಪ ತಡೆ ಬರುವ ತನಕ ಬಿಗಿ ಮಾಡುವುದು. ಬೇರಿಂಗಿನ ಬಟ್ಟಲಿನಲ್ಲಿ ಗುಳಿ ಬಿದ್ದಿದ್ದರೆ ಶಿಮ್ ತೆಗೆದು ಪ್ರಯೋಜನವಿಲ್ಲ. ಮುಂದಿನ ಚಕ್ರಗಳ ಟೋ-ಇನ್ (ಮುಂಬದಿ ಒಳಕ್ಕೆ ವಾಲಿದ ಅಳತೆ) 1.2ರಿಂದ 2.4 ಮಿ.ಮೀ. ಒಳಗಿರಲಿ. ಸ್ಟೀರಿಂಗ್ ಡ್ಯಾಂಪರ್ ಹಾಕಿ ನಡುಕ ನಿಲ್ಲಿಸಿ ಕೊಡುವವರಿದ್ದಾರೆ. ಸವೆದ ಭಾಗ ಹಾಗೇ ಉಳಿದು ಸವೆಯುತ್ತಲೇ ಇರುತ್ತದೆ. ಸ್ಟೀರಿಂಗ್ ಬಾಕ್ಸ್ ಬಿಚ್ಚುವ ಹಂತ ಬಂದರೆ ಪಳಗಿದ ಮೆಕ್ಯಾನಿಕ್ ಕೈಗೇ ಕೊಡಿ. ಸ್ಟೀರಿಂಗಿನ ಯಾವ ಕೊಂಡಿಗೂ ವೆಲ್ಡಿಂಗ್ ಸಲ್ಲದು.

## ಲಕ್ಷಣ: ಇಂಜಿನ್ ತಿರುಗುವುದೇ ಇಲ್ಲ

ಜಾಮ್ ಅಂತ ತೀರ್ಮಾನಿಸುವ ಮೊದಲು ಗೇರ್ ನ್ಯೂಟ್ರಲಿನಲ್ಲಿದೆಯೇ ನೋಡಿ, ಸೆಲ್ಫ್ (ಸ್ಟಾರ್ಟರ್ ಮೋಟಾರು) ಬಿಚ್ಚಿ ತೆಗೆಯಿರಿ. ಸೆಲ್ಫಿನ ಹಲ್ಲು ಫ್ಲೈವೀಲಿಗೆ ಸಿಕ್ಕಿಕೊಂಡಿದ್ದರೂ ಇದೇ ಲಕ್ಷಣ. ಡಿಪ್ ಸ್ಟಿಕ್ ಎಳೆದು ನೋಡಿ: ಆಯಿಲ್ ಹಾಲುಬಿಳುಪಿಗೆ ತಿರುಗಿದ್ದರೆ ನೀರು ಸೇರಿದೆ, ಪೆಟ್ರೋಲ್ ವಾಸನೆ ಬಂದರೆ ಪಂಪಿನ ಡಯಾಫ್ರಾಮ್ ಹರಿದಿದೆ. ಎರಡರಲ್ಲಿ ಯಾವುದಿದ್ದರೂ ಆಯಿಲ್ ಬದಲಿಸದೆ ತಿರುಗಿಸಬೇಡಿ.

ಸ್ಪಾರ್ಕ್ ಪ್ಲಗ್ಗುಗಳನ್ನು, ಡೀಸೆಲ್ ಆದರೆ ನಾಜಲ್ಲುಗಳನ್ನು ತೆಗೆದು ಪ್ರತಿ ಸಿಲಿಂಡರಿಗೆ 30ರಿಂದ 50 ಮಿ.ಲೀ. ತುಕ್ಕು ಬಿಡಿಸುವ ಎಣ್ಣೆ ಹಾಕಿ. ಎರಡು ಮೂರು ದಿನ ಬಿಡಿ. ನಂತರ ಕ್ರ್ಯಾಂಕಿನ ಮುಂದಿನ ನಟ್ಟಿಗೆ ಉದ್ದ ಹಿಡಿಯ ಸಾಕೆಟ್ ಹಾಕಿ ಮುಂದಕ್ಕೆ ಹಿಂದಕ್ಕೆ ಸ್ವಲ್ಪ ಸ್ವಲ್ಪವೇ ಅಲ್ಲಾಡಿಸಿ. ಬೆರಳಗಲ ಚಲಿಸಿದರೂ ಗೆದ್ದ ಹಾಗೆ, ಇನ್ನಷ್ಟು ಎಣ್ಣೆ, ಇನ್ನೊಂದು ದಿನ. ಟ್ರ್ಯಾಕ್ಟರಿಗೆ ಕಟ್ಟಿ ಗೇರ್ ಹಾಕಿ ಎಳೆಸಬೇಡಿ. ಅಂಟಿಕೊಂಡ ರಿಂಗು ಮುರಿಯುತ್ತದೆ, ಕನೆಕ್ಟಿಂಗ್ ರಾಡ್ ಬಾಗುತ್ತದೆ. ವಾರ ಕಳೆದರೂ ಅಲುಗಾಡದಿದ್ದರೆ ಹೆಡ್ ಬಿಚ್ಚುವುದೇ ಸರಿ.

ತಿರುಗತೊಡಗಿದ ಮೇಲೆ ಪ್ಲಗ್ ಹಾಕದೆಯೇ, ಆಯಿಲ್ ಪ್ರೆಶರ್ ಮುಳ್ಳು ಏಳುವ ತನಕ ತಿರುಗಿಸಿ. ಹರಿಕೇನ್ ಇಂಜಿನ್ನಿಗೆ ಸುಮಾರು 3.8 ಲೀಟರ್ ಆಯಿಲ್, ಫಿಲ್ಟರ್ ಸೇರಿದರೆ ಇನ್ನೊಂದು ಲೀಟರಿನ ಹತ್ತಿರ. ಈ ಇಂಜಿನ್ನಿಗೆ ಒಂದು ವಿಶೇಷ ಇದೆ: ಇನ್‌ಟೇಕ್ ವಾಲ್ವ್ ಹೆಡ್ಡಿನಲ್ಲಿ, ಎಕ್ಸಾಸ್ಟ್ ವಾಲ್ವ್ ಬ್ಲಾಕಿನಲ್ಲಿ. ನಿಂತ ಗಾಡಿಯಲ್ಲಿ ಎಕ್ಸಾಸ್ಟ್ ವಾಲ್ವ್ ತೆರೆದ ಸ್ಥಿತಿಯಲ್ಲೇ ಗೈಡಿಗೆ ಅಂಟಿಕೊಳ್ಳುತ್ತದೆ. ಆಗ ಇಂಜಿನ್ ಸಲೀಸಾಗಿ ತಿರುಗುತ್ತದೆ, ಒಂದು ಸಿಲಿಂಡರಿನಲ್ಲಿ ಮಾತ್ರ ಕಂಪ್ರೆಶನ್ ಸೊನ್ನೆ. ರಿಂಗ್ ಹೋಗಿದೆ ಎಂದು ಇಂಜಿನ್ ಇಳಿಸುವ ಮೊದಲು ಬ್ಲಾಕಿನ ಪಕ್ಕದ ವಾಲ್ವ್ ಮುಚ್ಚಳ ತೆಗೆದು ನೋಡಿ.

ಹ್ಯಾಂಡಲ್ ಹಾಕಿ ತಿರುಗಿಸುವಾಗ ಹೆಬ್ಬೆರಳೂ ಉಳಿದ ಬೆರಳುಗಳ ಬದಿಗೇ ಇರಲಿ, ಹ್ಯಾಂಡಲನ್ನು ಸುತ್ತಿ ಹಿಡಿಯಬೇಡಿ. ಇಂಜಿನ್ ಹಿಂದಕ್ಕೆ ಒದ್ದರೆ ಹೆಬ್ಬೆರಳು ಮುರಿಯುತ್ತದೆ.

## ಲಕ್ಷಣ: ಸೆಲ್ಫ್ ಟಕ್ ಎನ್ನುತ್ತದೆ, ತಿರುಗಿಸುವುದಿಲ್ಲ

ನೂರರಲ್ಲಿ ಬಹುಪಾಲು ಇದು ಅರ್ಥ್ ದೋಷ, ಅಂದರೆ ಬ್ಯಾಟರಿ ಮೈನಸ್ಸಿಗೂ ಇಂಜಿನ್, ಚಾಸಿಗೂ ಇರುವ ಸಂಪರ್ಕದ ದೋಷ. ತುಕ್ಕು ಹಿಡಿದ ಗಾಡಿಯಲ್ಲೂ ಬರುತ್ತದೆ, ಹೊಸದಾಗಿ ಬಣ್ಣ ಹೊಡೆದ ಗಾಡಿಯಲ್ಲಿ ಇನ್ನೂ ಹೆಚ್ಚು, ಯಾಕೆಂದರೆ ಅರ್ಥ್ ಪಟ್ಟಿಯ ಅಡಿಗೂ ಬಣ್ಣ ಕೂತಿರುತ್ತದೆ. ಇಂಡಿಕೇಟರ್ ಹಾಕಿದರೆ ಪಾರ್ಕಿಂಗ್ ಲೈಟ್ ಮಿಣುಕುವುದೂ ಇದೇ ಕಾಯಿಲೆ. ಜಂಪರ್ ಕೇಬಲ್ಲಿನ ಒಂದು ತುದಿ ಬ್ಯಾಟರಿ ಮೈನಸ್ಸಿಗೆ, ಇನ್ನೊಂದು ನೇರ ಇಂಜಿನ್ ಬ್ಲಾಕಿಗೆ ಹಿಡಿದು ಸೆಲ್ಫ್ ಹೊಡೆಯಿರಿ. ತಿರುಗಿದರೆ ಅರ್ಥ್ ಪಟ್ಟಿ ಬಿಚ್ಚಿ, ಅಡಿಯ ಬಣ್ಣ ಕೆರೆದು ಹೊಳೆಯುವ ಲೋಹಕ್ಕೆ ಕೂರಿಸಿ, ಮೇಲೆ ಗ್ರೀಸ್ ಹಚ್ಚಿ. ಇಂಜಿನ್ನಿನಿಂದ ಚಾಸಿಗೆ ಒಂದು, ಚಾಸಿಯಿಂದ ಬಾಡಿಗೆ ಒಂದು ಪಟ್ಟಿ ಬೇಕೇ ಬೇಕು.

ಮೀಟರ್ ಇದ್ದರೆ: ತುಂಬಿದ 12 ವೋಲ್ಟ್ ಬ್ಯಾಟರಿ ಸುಮ್ಮನಿದ್ದಾಗ 12.6 ತೋರಿಸಬೇಕು. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಬಿದ್ದರೆ ಬ್ಯಾಟರಿ ಸೋತಿದೆ ಅಥವಾ ಸೆಲ್ಫ್ ಹೆಚ್ಚು ಕರೆಂಟ್ ಎಳೆಯುತ್ತಿದೆ. ಅದೇ ಹೊತ್ತಿಗೆ ಬ್ಯಾಟರಿ ಮೈನಸ್ಸಿಗೂ ಬ್ಲಾಕಿಗೂ ನಡುವೆ 0.3 ವೋಲ್ಟಿಗಿಂತ ಹೆಚ್ಚು ಕಂಡರೆ ದೋಷ ಅರ್ಥಿನದು.

## ಲಕ್ಷಣ: ಸೆಲ್ಫ್ ತಿರುಗಿಸುತ್ತದೆ, ಇಂಜಿನ್ ಹತ್ತಿಕೊಳ್ಳುವುದಿಲ್ಲ

ಪೆಟ್ರೋಲಿನದಾದರೆ ಮೊದಲು ಸ್ಪಾರ್ಕ್. ನಿಂತ ಗಾಡಿಯ ಡಿಸ್ಟ್ರಿಬ್ಯೂಟರಿನೊಳಗಿನ ಪಾಯಿಂಟಿನ (ಸ್ಪಾರ್ಕಿಗಾಗಿ ಕರೆಂಟ್ ಕಡಿಯುವ ಸಣ್ಣ ಸ್ವಿಚ್ಚಿನ) ಮೇಲೆ ಕಿಲುಬು ಕಟ್ಟಿರುತ್ತದೆ. ಗಟ್ಟಿ ಕಾಗದದ ಚೂರು ಎಳೆದರೆ ಎಷ್ಟೋ ಸಲ ಅಷ್ಟಕ್ಕೇ ಸರಿಯಾಗುತ್ತದೆ. ಪಾಯಿಂಟ್ ಗ್ಯಾಪ್ 0.5 ಮಿ.ಮೀ., ಪ್ಲಗ್ ಗ್ಯಾಪ್ 0.75 ಮಿ.ಮೀ., ಫೈರಿಂಗ್ ಕ್ರಮ 1-3-4-2. ಸ್ಪಾರ್ಕ್ ಇದ್ದೂ ಹತ್ತದಿದ್ದರೆ ಪೆಟ್ರೋಲ್ ಬರುತ್ತಿದೆಯೇ ನೋಡಿ. ಫಿಲ್ಟರಿನಲ್ಲಿ ಕಂದು ಪುಡಿ ಇದ್ದರೆ ಟ್ಯಾಂಕಿನೊಳಗೆ ತುಕ್ಕಿದೆ. ಈಗಿನ ಎಥೆನಾಲ್ ಬೆರೆತ ಪೆಟ್ರೋಲು ಹಳೇ ರಬ್ಬರನ್ನು ಮೆತ್ತಗೆ ಮಾಡುತ್ತದೆ, ನೀರನ್ನೂ ಹೀರುತ್ತದೆ. ಹೋಸು, ಪಂಪಿನ ಡಯಾಫ್ರಾಮು, ಕಾರ್ಬುರೇಟರಿನ ವಾಶರುಗಳನ್ನು ಎಥೆನಾಲ್ ತಡೆಯುವ ಬಗೆಗೆ ಬದಲಿಸಿಕೊಳ್ಳಿ. ಸೆಲ್ಫ್ ಹೊಡೆಯುವಾಗ ಕಾರ್ಬುರೇಟರಿಗೆ ಬಾಟಲಿಯಿಂದ ಪೆಟ್ರೋಲ್ ಸುರಿಯುವ ಚಾಳಿ ಬಿಡಿ. ಬೆಂಕಿ ಹಿಂದಕ್ಕೆ ಹಾರಿದರೆ ಬಾಟಲಿ ನಿಮ್ಮ ಕೈಯಲ್ಲೇ ಇರುತ್ತದೆ.

ಡೀಸೆಲ್ಲಿನದಾದರೆ ಸೈಲೆನ್ಸರ್ ನೋಡಿ. ತಿರುಗಿಸುವಾಗ ಬಿಳಿ ಹೊಗೆ ಬಂದರೆ ಡೀಸೆಲ್ ತಲುಪುತ್ತಿದೆ, ಉರಿಯುತ್ತಿಲ್ಲ: ಹೀಟರ್ ಪ್ಲಗ್, ನಂತರ ಕಂಪ್ರೆಶನ್ ನೋಡಬೇಕು. ಹೊಗೆಯೇ ಇಲ್ಲದಿದ್ದರೆ ಡೀಸೆಲ್ ಬರುತ್ತಿಲ್ಲ ಅಥವಾ ಏರ್ ಹಿಡಿದಿದೆ. ಫಿಲ್ಟರಿನ ಸ್ಕ್ರೂ ಸಡಿಲಿಸಿ ಕೈಪಂಪು ಒತ್ತಿ ಗುಳ್ಳೆ ನಿಲ್ಲುವ ತನಕ ಬಿಡಿ, ನಂತರ ಪಂಪಿನ ಸ್ಕ್ರೂ, ಕೊನೆಗೆ ನಾಜಲ್ಲಿನ ಯೂನಿಯನ್ ನಟ್ಟು ಅರ್ಧ ಸುತ್ತು ಸಡಿಲಿಸಿ ಸೆಲ್ಫ್ ಹೊಡೆಯಿರಿ. ಆ ಚಿಮ್ಮುವ ಡೀಸೆಲ್ಲಿಗೆ ಬೆರಳು ಒಡ್ಡಬೇಡಿ; ಚರ್ಮ ತೂರಿ ಒಳಹೋದರೆ ಗಾಯ ಸಣ್ಣದಾಗಿ ಕಂಡರೂ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಡೀಸೆಲ್ ಪಂಪಿನ ಸೀಲ್ ಒಡೆಯುವ ಕೆಲಸ ಮನೆಯದಲ್ಲ, ಪಂಪ್ ಕ್ಯಾಲಿಬ್ರೇಶನ್ ಮಾಡುವವರದ್ದು. ಮೊದಲ ಸ್ಟಾರ್ಟಿಗೆ ಇನ್‌ಟೇಕ್ ಬಾಯಿ ಮುಚ್ಚುವಷ್ಟು ಅಗಲದ ಹಲಗೆ ಪಕ್ಕದಲ್ಲಿಟ್ಟುಕೊಳ್ಳಿ. ಇಂಜಿನ್ ಕೈಮೀರಿ ಏರಿದರೆ ಉಸಿರು ಕಟ್ಟಿಸಿ ನಿಲ್ಲಿಸಲು, ಅಂಗೈ ಅಡ್ಡ ಹಿಡಿಯದೆ.

ಟ್ಯಾಂಕಿನ ತೂತಿಗೆ ವೆಲ್ಡಿಂಗ್ ಮಾತೇ ಬೇಡ. ಖಾಲಿ ಟ್ಯಾಂಕಿನಲ್ಲಿ ಉಳಿದ ಆವಿ ತುಂಬಿದ ಟ್ಯಾಂಕಿಗಿಂತ ಅಪಾಯಕಾರಿ. ರೇಡಿಯೇಟರ್ ಅಂಗಡಿಯವರಿಗೆ ಕೊಡಿ ಅಥವಾ ಹೊಸದು ಕೊಳ್ಳಿ.

## ಲಕ್ಷಣ: ಹತ್ತು ನಿಮಿಷಕ್ಕೇ ಬಿಸಿ

ಬಿಸಿ ರೇಡಿಯೇಟರಿನ ಮುಚ್ಚಳ ತೆಗೆಯಬೇಡಿ. ತಣ್ಣಗಾದ ಮೇಲೆ ನೀರಿನ ಮಟ್ಟ, ಫ್ಯಾನ್ ಬೆಲ್ಟ್, ರೇಡಿಯೇಟರಿನ ಸಂದಿಯಲ್ಲಿ ಒಣಗಿದ ಕೆಸರು ನೋಡಿ. ಥರ್ಮೋಸ್ಟಾಟನ್ನು ಪಾತ್ರೆಯ ನೀರಿನಲ್ಲಿ ಕಾಯಿಸಿ, ನೀರು ಕುದಿಯುವ ಮೊದಲೇ ತೆರೆಯಬೇಕು. ಇಷ್ಟೂ ಸರಿಯಿದ್ದರೆ ಬ್ಲಾಕಿನ ಪಕ್ಕದ ಡ್ರೈನ್ ಬಿಚ್ಚಿ. ನೀರು ಬರದಿದ್ದರೆ ಒಳಗೆ ತುಕ್ಕಿನ ಕೆಸರು ಗಟ್ಟಿಯಾಗಿ ಕೂತಿದೆ. ತಂತಿಯಲ್ಲಿ ಕೆದಕಿ, ಪೈಪ್ ಹಿಡಿದು ಹಿಮ್ಮುಖವಾಗಿ ತೊಳೆಯಬೇಕು. ಬೋರ್‌ವೆಲ್ ನೀರು ಬಿಟ್ಟು ಕೂಲಂಟ್ ಹಾಕಿ. ತಣ್ಣನೆಯ ಇಂಜಿನ್ ಸ್ಟಾರ್ಟ್ ಮಾಡಿದ ಕೂಡಲೇ ರೇಡಿಯೇಟರಿನಲ್ಲಿ ಗುಳ್ಳೆ ಏಳುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿದೆ, ಓಡಿಸುವುದು ನಿಲ್ಲಿಸಿ.

## ಲಕ್ಷಣ: ಬಣ್ಣದಡಿ ಗುಳ್ಳೆ, ನೆಲದ ತಗಡು ಮೆತ್ತಗೆ

ಒಂದು ಸಣ್ಣ ಅಯಸ್ಕಾಂತ ಹಿಡಿದು ಬಾಡಿಯೆಲ್ಲ ಸವರಿ. ಹಿಡಿಯದ ಜಾಗದಲ್ಲಿ ತಗಡಿಲ್ಲ, ಪುಟ್ಟಿ ಇದೆ. ಗುಳ್ಳೆಯನ್ನು ಸ್ಕ್ರೂ ಡ್ರೈವರಿನಲ್ಲಿ ಒತ್ತಿ. 80 ನಂಬರಿನ ಕಾಗದಕ್ಕೆ ಹೊಳೆಯುವ ಲೋಹ ಬಂದರೆ ತುಕ್ಕು ಮೇಲ್ಮೈಯದು. ಕಪ್ಪು ಚುಕ್ಕೆ ಉಳಿದರೆ ಗುಳಿ ಬಿದ್ದಿದೆ, ಫಾಸ್ಫರಿಕ್ ಆಮ್ಲದ ಕನ್ವರ್ಟರ್ (ತುಕ್ಕನ್ನು ಗಟ್ಟಿ ಪದರವಾಗಿ ಮಾರ್ಪಡಿಸುವ ದ್ರವ) ಬೇಕು. ಸ್ಕ್ರೂ ಡ್ರೈವರ್ ಒಳಗೆ ಹೋದರೆ ಕತ್ತರಿಸಿ ಪ್ಯಾಚ್ ಹಾಕಬೇಕು, ಬೇರೆ ದಾರಿಯಿಲ್ಲ.

ನೆಲದ ತಗಡು ಮೇಲಿನಿಂದ ಕೊಳೆಯುವುದು ಕಡಿಮೆ. ಅದರ ಅಡಿಯಲ್ಲಿ ಬಲಕ್ಕಾಗಿ ಬೆಸೆದ ಟೊಳ್ಳು ಪಟ್ಟಿಗಳಿವೆ. ಅವುಗಳ ತುದಿ ಕೆಸರಿನಿಂದ ಕಟ್ಟಿಕೊಂಡು ಒಳಗೆ ವರ್ಷವಿಡೀ ತೇವ ಇರುತ್ತದೆ. ಮೇಲೆ ರಬ್ಬರ್ ಮ್ಯಾಟ್ ಅಥವಾ ಗೋಣಿ ಹಾಸಿದ್ದರೆ ಎರಡೂ ಕಡೆಯಿಂದ ತಿನ್ನುತ್ತದೆ. ಮ್ಯಾಟ್ ಕಿತ್ತೆಸೆಯಿರಿ, ಪಟ್ಟಿಯ ತುದಿ ಬಿಡಿಸಿ, ನೀರಿಳಿಯುವ ರಂಧ್ರಗಳನ್ನು ತಂತಿ ಹಾಕಿ ತೆರೆಯಿರಿ. ಸೀಟಿನ ಅಡಿಯ ಟ್ಯಾಂಕಿನ ಗುಂಡಿ, ಟೂಲ್ ಬಾಕ್ಸಿನ ತಳಕ್ಕೂ ಇದೇ ಮಾತು.

ಪ್ಯಾಚಿಗೆ 18 ಗೇಜ್, ಅಂದರೆ 1.2 ಮಿ.ಮೀ. ತಗಡು. ಕೊಳೆತ ಅಂಚಿನಿಂದ 25 ಮಿ.ಮೀ. ಆಚೆ ಗಟ್ಟಿ ಲೋಹದ ತನಕ ಕತ್ತರಿಸಿ. ಮಿಗ್ ವೆಲ್ಡಿಂಗ್, 0.8 ಮಿ.ಮೀ. ವೈರು. ಒಂದು ಟ್ಯಾಕ್ ಇಲ್ಲಿ, ಮುಂದಿನದು ಎದುರು ತುದಿಯಲ್ಲಿ, ಹೀಗೆ ಜಿಗಿಯುತ್ತಾ ತುಂಬಿಸಿ; ಒಂದೇ ಎಳೆತಕ್ಕೆ ಬೆಸೆದರೆ ತಗಡು ಸೊಟ್ಟಗಾಗುತ್ತದೆ. ಸಾಧಾರಣ ಆರ್ಕ್ ವೆಲ್ಡಿಂಗ್ ಈ ದಪ್ಪಕ್ಕೆ ತೂತು ಮಾಡುತ್ತದೆ. ವೆಲ್ಡಿಂಗಿಗೆ ಮೊದಲು ಪೆಟ್ರೋಲ್ ಟ್ಯಾಂಕ್ ಗಾಡಿಯಿಂದ ಹೊರಗೆ, ಆಲ್ಟರ್ನೇಟರ್ ವೈರು ಕಳಚಿರಬೇಕು. ಜಿಂಕ್ ಲೇಪದ ತಗಡು ಬೆಸೆದರೆ ಆ ಹೊಗೆಗೆ ಚಳಿ ಜ್ವರ ಬರುತ್ತದೆ. ಲೇಪವನ್ನು ಅಂಚಿನಲ್ಲಿ ಕೆರೆದು ತೆಗೆಯಿರಿ, ಗಾಳಿಯಾಡುವ ಕಡೆ ಕೆಲಸ ಮಾಡಿ.

ಸಣ್ಣ ಬಿಡಿಭಾಗಗಳಿಗೆ ಎಲೆಕ್ಟ್ರೋಲಿಸಿಸ್ ಅಗ್ಗ. ಪ್ಲಾಸ್ಟಿಕ್ ಟಬ್ಬಿನಲ್ಲಿ 4 ಲೀಟರ್ ನೀರಿಗೆ ಒಂದು ದೊಡ್ಡ ಚಮಚ ವಾಷಿಂಗ್ ಸೋಡಾ, ಚಾರ್ಜರಿನ ಮೈನಸ್ ಭಾಗಕ್ಕೆ, ಪ್ಲಸ್ ಮಾಮೂಲಿ ಕಬ್ಬಿಣದ ಸರಳಿಗೆ. ಸ್ಟೇನ್‌ಲೆಸ್ ಸ್ಟೀಲ್ ಹಾಕಬೇಡಿ, ಕ್ರೋಮಿಯಂ ವಿಷ ನೀರಿಗೆ ಇಳಿಯುತ್ತದೆ. ಹೈಡ್ರೋಜನ್ ಏಳುವುದರಿಂದ ಬಯಲಿನಲ್ಲೇ ಮಾಡಿ, ಹತ್ತಿರ ಬೀಡಿ ಬೇಡ. ಸ್ಪ್ರಿಂಗ್ ಪ್ಲೇಟು, ಹೈ ಟೆನ್ಸೈಲ್ ಬೋಲ್ಟು, ಅಲ್ಯೂಮಿನಿಯಂ ಯಾವುದನ್ನೂ ಇದರಲ್ಲಿ ಮುಳುಗಿಸಬಾರದು.

## ಲಕ್ಷಣ: ಬಣ್ಣ ಹೊಡೆದು ವರ್ಷವಾಗಿಲ್ಲ, ತುಕ್ಕು ಮತ್ತೆ ಬಂತು

ರೆಡ್ ಆಕ್ಸೈಡ್ ಬಳಿದು ತಿಂಗಳುಗಟ್ಟಲೆ ಬಿಟ್ಟಿದ್ದು ಮೊದಲ ಶಂಕೆ. ಅದು ತೇವ ತಡೆಯುವುದಿಲ್ಲ. ಎರಡನೆಯದು, ಬರೀ ಲೋಹಕ್ಕೆ ನೇರ ಪುಟ್ಟಿ ಹಾಕಿದ್ದು. ಮೂರನೆಯದು, ಜೂನ್‌ನಿಂದ ಸೆಪ್ಟೆಂಬರ್ ನಡುವೆ ಮಲೆನಾಡಿನ ತೆರೆದ ಶೆಡ್ಡಿನಲ್ಲಿ ಬಣ್ಣ ಹೊಡೆದದ್ದು. ಗಾಳಿಯ ತೇವಾಂಶ ಶೇ. 85 ದಾಟಿದರೆ ಸ್ಪ್ರೇ ಗನ್ ಎತ್ತಬೇಡಿ. ಸರಿಯಾದ ಸಾಲು: ಎಣ್ಣೆ ಜಿಡ್ಡು ತೆಗೆಯುವುದು, ತುಕ್ಕು ಕೆರೆಯುವುದು, ಗುಳಿಗಳಿಗೆ ಮಾತ್ರ ಕನ್ವರ್ಟರ್, ಅದರ ಉಳಿಕೆ ಒರೆಸಿ ಒಣಗಿಸುವುದು, ಅದೇ ದಿನ ಎರಡು ಕೋಟ್ ಎಪಾಕ್ಸಿ ಪ್ರೈಮರ್, ಪುಟ್ಟಿ ಬೇಕಿದ್ದರೆ ಅದರ ಮೇಲೆ, ಜೋಡಣೆಗಳಿಗೆ ಸೀಮ್ ಸೀಲರ್, ನಂತರ ಬಣ್ಣ. ಕೆರೆದ ಲೋಹವನ್ನು ಬರಿಗೈಯಲ್ಲಿ ಮುಟ್ಟಬೇಡಿ, ಬೆವರಿನ ಬೆರಳಚ್ಚೇ ತುಕ್ಕಾಗಿ ಮೂಡುತ್ತದೆ. ಟೊಳ್ಳು ಪಟ್ಟಿ, ಚಾಸಿಯ ಒಳಬದಿಗೆ ಕ್ಯಾವಿಟಿ ವ್ಯಾಕ್ಸ್ ಸಿಂಪಡಿಸಿ, ಪ್ರತಿ ವರ್ಷ ಮೇ ತಿಂಗಳಲ್ಲಿ ಇನ್ನೊಮ್ಮೆ.

## ಲಕ್ಷಣ: ಫೋರ್ ವೀಲ್ ಲಿವರ್ ಸಿಕ್ಕಿಕೊಂಡಿದೆ, ಹೌಸಿಂಗ್ ಸೋರುತ್ತಿದೆ

ಟಾರು ರಸ್ತೆಯಲ್ಲಿ ಫೋರ್ ವೀಲ್ ಹಾಕಿ ಓಡಿಸಿದರೆ ಮುಂದಿನ ಹಿಂದಿನ ಆಕ್ಸಲ್ ಒಂದನ್ನೊಂದು ಬಿಗಿಯುತ್ತವೆ, ಲಿವರ್ ಹೊರಬರುವುದಿಲ್ಲ. ನಾಲ್ಕು ಮಾರು ಹಿಂದಕ್ಕೆ ಓಡಿಸಿ ಎಳೆಯಿರಿ. ಲೋ ರೇಂಜ್ ಬೀಳುತ್ತಿಲ್ಲವಾದರೆ ಮೊದಲು ಫೋರ್ ವೀಲ್ ಲಿವರ್ ಹಾಕಿದ್ದೀರಾ ನೋಡಿ. ಎರಡು ಲಿವರಿನ ಹಳೇ ಟ್ರಾನ್ಸ್‌ಫರ್ ಕೇಸಿನಲ್ಲಿ (ಗೇರ್‌ಬಾಕ್ಸಿನ ಬಲವನ್ನು ಎರಡೂ ಆಕ್ಸಲಿಗೆ ಹಂಚುವ ಪೆಟ್ಟಿಗೆ) ಅದಿಲ್ಲದೆ ಇದು ಬೀಳದು. ಗೇರ್‌ಬಾಕ್ಸಿನ ಆಯಿಲ್ ಕಡಿಮೆಯಾಗಿ ಟ್ರಾನ್ಸ್‌ಫರ್ ಕೇಸಿನಲ್ಲಿ ಹೆಚ್ಚಾಗುತ್ತಿದ್ದರೆ ಎರಡರ ನಡುವಿನ ಸೀಲ್ ಸವೆದಿದೆ. ಗೇರ್‌ಬಾಕ್ಸಿನ ಹಿತ್ತಾಳೆ ರಿಂಗುಗಳ ಕಾರಣಕ್ಕೆ ಜಿಎಲ್-4 ದರ್ಜೆಯ 90 ಆಯಿಲ್ ಹಾಕಿ, ಜಿಎಲ್-5 ಬೇಡ.

ಮುಂದಿನ ಚಕ್ರದ ಒಳಬದಿಯ ಗುಂಡಿನ ಮೇಲೆ ತುಕ್ಕಿನ ಗುಳಿಗಳಿದ್ದರೆ ಎಷ್ಟು ಹೊಸ ಸೀಲ್ ಹಾಕಿದರೂ ಹರಿಯುತ್ತದೆ. ಗುಳಿಗಳಿಗೆ ಎಪಾಕ್ಸಿ ಮೆಟಲ್ ತುಂಬಿ, 400 ನಂಬರಿನ ಕಾಗದದಲ್ಲಿ ನುಣುಪು ಮಾಡಿ ಸೀಲ್ ಕೂರಿಸಿ. ಆಕ್ಸಲ್ ಹೌಸಿಂಗಿನ ಮೇಲಿನ ಬ್ರೀದರ್ (ಗಾಳಿಯಾಡುವ ರಂಧ್ರ) ಕೆಸರಿನಿಂದ ಮುಚ್ಚಿದ್ದರೂ ಸೀಲ್ ಸೋರುತ್ತದೆ, ಬಿಸಿಯಾದ ಗಾಳಿಗೆ ಬೇರೆ ದಾರಿಯಿಲ್ಲ. ಹೊಳೆ ದಾಟಿಸಿದ ದಿನ ಬಿಸಿ ಹೌಸಿಂಗ್ ತಣ್ಣಗಾಗುತ್ತಾ ಸೀಲಿನ ಸಂದಿಯಿಂದ ನೀರು ಎಳೆದುಕೊಂಡಿರುತ್ತದೆ. ಮರುದಿನ ಬೆಳಗ್ಗೆ ಗಾಡಿ ಕದಲಿಸುವ ಮೊದಲು ಡ್ರೈನ್ ಬೋಲ್ಟ್ ಒಂದೆರಡು ಸುತ್ತು ಸಡಿಲಿಸಿ. ಮೊದಲು ನೀರು ಇಳಿದರೆ ಎರಡೂ ಹೌಸಿಂಗಿನ ಆಯಿಲ್ ಪೂರ್ತಿ ಬದಲಿಸಿ.